ಸಿಕೊಫ್ಯಾಂಟಿಕ್: ಪ್ರತಿಫಲಕ್ಕಾಗಿ ಆಡುವ ನಾಲಿಗೆ

2025ರ ಏಪ್ರಿಲ್ ಕೊನೆಯ ವಾರದಲ್ಲಿ ಇಂಗ್ಲಿಷಿನ ಅಪರೂಪದ ವಿಶೇಷಣವೊಂದು ಜಗತ್ತಿನ ಪತ್ರಿಕೆಗಳ ತಲೆಬರಹಕ್ಕೆ ಏರಿತು. ಓಪನ್‌ಎಐ ಕಂಪನಿ ಆ ತಿಂಗಳ 25ರಂದು, ಕೇಳಿದ್ದಕ್ಕೆ ಮಾತಿನಲ್ಲೇ ಉತ್ತರಿಸುವ ತನ್ನ ಚಾಟ್‌ಬಾಟ್ ಯಂತ್ರವಾದ ಚಾಟ್‌ಜಿಪಿಟಿಯ ಹಿಂದಿರುವ ಜಿಪಿಟಿ-4ಒ ಮಾದರಿಯನ್ನು ಪರಿಷ್ಕರಿಸಿ ಬಿಡುಗಡೆ ಮಾಡಿತ್ತು. ಸ್ವಲ್ಪ ದಿನದಲ್ಲೇ ಬಳಕೆದಾರರು ತಮಗೆ ಬಂದ ಉತ್ತರಗಳ ಚಿತ್ರಗಳನ್ನು ಜಾಲತಾಣಗಳಲ್ಲಿ ಹಂಚಿಕೊಳ್ಳತೊಡಗಿದರು. ತಲೆಬುಡವಿಲ್ಲದ ವ್ಯಾಪಾರದ ಯೋಜನೆಯನ್ನು ಮುಂದಿಟ್ಟವರನ್ನು ಅದು ಪ್ರತಿಭಾವಂತರೆಂದು ಕರೆದಿತ್ತು. ವೈದ್ಯರು ಕೊಟ್ಟ ಔಷಧಿಯನ್ನು ನಿಲ್ಲಿಸಿದ್ದೇನೆ ಎಂದು ಬರೆದವರ ಧೈರ್ಯವನ್ನು ಕೊಂಡಾಡಿತ್ತು. ಕಂಪನಿಯ ಮುಖ್ಯಸ್ಥ ಸ್ಯಾಮ್ ಆಲ್ಟ್‌ಮನ್ ಅವರೇ ಮಾದರಿಯ ಈ ಗುಣವನ್ನು ಒಪ್ಪಿಕೊಂಡು ಹೆಸರಿಸಿದರು. 28ರಂದು ಪರಿಷ್ಕರಣೆಯನ್ನು ಹಿಂದಕ್ಕೆ ಪಡೆಯುವ ಕೆಲಸ ಆರಂಭವಾಯಿತು. ಆ ಗುಣಕ್ಕೆ ಕಂಪನಿ, ಪತ್ರಿಕೆಗಳು, ಸಂಶೋಧಕರು ಎಲ್ಲರೂ ಬಳಸಿದ್ದು ಒಂದೇ ಪದ: ‘ಸಿಕೊಫ್ಯಾಂಟಿಕ್’.

ಇಂದಿನ ನಿಘಂಟುಗಳಲ್ಲಿ ಈ ಪದಕ್ಕೆ ಸಿಗುವ ಅರ್ಥ, ಸ್ವಂತ ಲಾಭಕ್ಕಾಗಿ ದೊಡ್ಡವರನ್ನು ಹೊಗಳಿ ಓಲೈಸುವ ಸ್ವಭಾವದ್ದು ಎಂದು. ಅಂಥ ಮನುಷ್ಯ ‘ಸಿಕೊಫ್ಯಾಂಟ್’. ಅವನ ನಡತೆ ‘ಸಿಕೊಫ್ಯಾನ್ಸಿ’. ಹೊಗಳುಭಟ್ಟ, ಭಟ್ಟಂಗಿ, ಬಾಲಬಡುಕ, ಮುಖಸ್ತುತಿ ಎಂಬ ಮಾತುಗಳೆಲ್ಲ ನಮ್ಮಲ್ಲಿ ಇರುವುದರಿಂದ ಅರ್ಥವನ್ನು ಇಷ್ಟಕ್ಕೇ ಹೇಳಿ ಮುಗಿಸಬಹುದಿತ್ತು. ಆದರೆ ಈ ಅರ್ಥ ಯಂತ್ರಕ್ಕೆ ಸರಿಯಾಗಿ ಹೊಂದುವುದಿಲ್ಲ. ಮನುಷ್ಯ ಹೊಗಳುಭಟ್ಟನಿಗೆ ಏನು ಬೇಕೆಂದು ನಮಗೆ ಗೊತ್ತು: ಬಡ್ತಿ, ಗುತ್ತಿಗೆ, ಚುನಾವಣೆಯ ಟಿಕೆಟ್. ಚಾಟ್‌ಬಾಟ್‌ಗೆ ಸಂಬಳವಿಲ್ಲ, ಸಂಸಾರವಿಲ್ಲ, ನಮ್ಮಿಂದ ಆಗಬೇಕಾದ ಯಾವ ಕೆಲಸವೂ ಇಲ್ಲ. ಹಾಗಿದ್ದರೂ ಅದು ಏಕೆ ಓಲೈಸುತ್ತದೆ? ಈ ಪ್ರಶ್ನೆಗೆ ಪದದ ಇಂದಿನ ಅರ್ಥಕ್ಕಿಂತ ಅದರ ಮೊದಲ ಅರ್ಥ ಹೆಚ್ಚು ಚೆನ್ನಾಗಿ ಉತ್ತರ ಕೊಡುತ್ತದೆ ಎಂದು ನಾನು ನಂಬಿದ್ದೇನೆ. ಹುಟ್ಟಿದ ಕಾಲದಲ್ಲಿ ಈ ಪದಕ್ಕೂ ಹೊಗಳಿಕೆಗೂ ಸಂಬಂಧವೇ ಇರಲಿಲ್ಲ.

ಗ್ರೀಕ್ ಭಾಷೆಯಲ್ಲಿ ‘ಸೂಕೊನ್’ ಎಂದರೆ ಅಂಜೂರ. ‘ಫೈನೈನ್’ ಎಂದರೆ ತೋರಿಸುವುದು, ಬಯಲು ಮಾಡುವುದು. ಎರಡೂ ಸೇರಿ ‘ಸೂಕೊಫಾಂಟೇಸ್’, ಅಂದರೆ ಅಂಜೂರ ತೋರಿಸುವವನು. ಕ್ರಿಸ್ತಪೂರ್ವ ಐದು ಮತ್ತು ನಾಲ್ಕನೆಯ ಶತಮಾನಗಳ ಅಥೆನ್ಸ್ ನಗರದಲ್ಲಿ ಈ ಹೆಸರು ಒಂದು ಬಗೆಯ ಜನರಿಗೆ ಅಂಟಿಕೊಂಡಿತ್ತು. ಅವರು ಯಾರನ್ನೂ ಹೊಗಳುತ್ತಿರಲಿಲ್ಲ. ಊರಿನ ಅನುಕೂಲಸ್ಥರ ಮೇಲೆ ಸುಳ್ಳು ಅಥವಾ ಕ್ಷುಲ್ಲಕ ಮೊಕದ್ದಮೆ ಹೂಡುವುದು, ಹೂಡುತ್ತೇನೆಂದು ಹೆದರಿಸಿ ಹಣ ಕೀಳುವುದು ಅವರ ಕಸುಬು. ಕನ್ನಡದಲ್ಲಿ ಅವರನ್ನು ಚಾಡಿಕೋರ ಎನ್ನಬಹುದು, ಆದರೆ ಚಾಡಿಕೋರನಿಗೆ ನ್ಯಾಯಾಲಯದ ಬಾಗಿಲು ಬೇಕಿಲ್ಲ, ಇವರಿಗೆ ಬೇಕಿತ್ತು.

ಇಂಥವರು ಹುಟ್ಟಿಕೊಂಡದ್ದಕ್ಕೆ ಅಥೆನ್ಸಿನ ನ್ಯಾಯವ್ಯವಸ್ಥೆಯಲ್ಲೇ ಕಾರಣವಿತ್ತು. ಅಲ್ಲಿ ಪೊಲೀಸ್ ತನಿಖೆಯಾಗಲಿ ಸರ್ಕಾರಿ ಅಭಿಯೋಜಕರಾಗಲಿ ಇರಲಿಲ್ಲ. ಸಾರ್ವಜನಿಕ ಅಪರಾಧ ನಡೆದರೆ ‘ಹೊ ಬೂಲೊಮೆನೊಸ್’, ಅಂದರೆ ‘ಇಷ್ಟವಿರುವ ಯಾವನೇ ಆಗಲಿ’, ಮುಂದೆ ಬಂದು ದಾವೆ ಹೂಡಬಹುದಿತ್ತು. ತಾನು ನೊಂದವನಾಗಿರಬೇಕು ಎಂಬ ಕಟ್ಟು ಇರಲಿಲ್ಲ. ದುರ್ಬಲನಿಗೆ ಅನ್ಯಾಯವಾದಾಗ ಅವನ ಪರವಾಗಿ ಇನ್ನೊಬ್ಬ ನಾಗರಿಕ ನಿಲ್ಲಬೇಕು ಎಂಬ ಉದಾತ್ತ ಯೋಚನೆ ಇದರ ಹಿಂದಿತ್ತು. ಅದನ್ನು ಸೊಲೊನ್ ತಂದದ್ದೆಂದು ಗ್ರೀಕರು ಹೇಳುತ್ತಿದ್ದರು. ಅವನು ಶಾಸನಕರ್ತನಾದದ್ದು ಕ್ರಿ.ಪೂ. 594ರಲ್ಲಿ. ಜನರು ಮುಂದೆ ಬರಲೆಂದು ಕೆಲವು ಬಗೆಯ ದಾವೆಗಳಲ್ಲಿ ಬಹುಮಾನವನ್ನೂ ಇಟ್ಟರು. ವ್ಯಾಪಾರದ ಕಾನೂನು ಮುರಿದ ಸರಕನ್ನು ಬಯಲಿಗೆಳೆಯುವ ‘ಫಾಸಿಸ್’ ಎಂಬ ದಾವೆಯಲ್ಲಿ ಗೆದ್ದವನಿಗೆ ದಂಡದ ಅರ್ಧ ಭಾಗ ಸಿಗುತ್ತಿತ್ತು.

ಇಲ್ಲಿಂದ ಮುಂದಿನದು ಊಹಿಸಬಹುದಾದದ್ದೇ. ಹೇಳುವುದಕ್ಕೆ ಹಣ ಸಿಗುತ್ತದೆ ಎಂದಾದಾಗ, ಹೇಳುವ ಸಂಗತಿ ನಿಜವಿರಬೇಕು ಎಂಬುದು ಹಿಂದೆ ಸರಿಯಿತು. ಸಾಕ್ರಟೀಸನ ಗೆಳೆಯ ಕ್ರೀಟೊ ಶ್ರೀಮಂತ. ತಾನು ಜಗಳಕ್ಕೆ ನಿಲ್ಲುವುದಕ್ಕಿಂತ ಹಣ ಕೊಟ್ಟು ಕೈತೊಳೆದುಕೊಳ್ಳುತ್ತೇನೆ ಎಂದು ಗೊತ್ತಿರುವುದರಿಂದಲೇ ಜನ ತನ್ನ ಮೇಲೆ ದಾವೆ ಹೂಡುತ್ತಾರೆ ಎಂದು ಅವನು ಅಲವತ್ತುಕೊಂಡದ್ದನ್ನು ಸಾಕ್ರಟೀಸನ ಶಿಷ್ಯ ಕ್ಸೆನೊಫೊನ್ ದಾಖಲಿಸಿದ್ದಾನೆ. ಕುರಿಗಳನ್ನು ತೋಳಗಳಿಂದ ಕಾಯಲು ನಾಯಿ ಸಾಕುವ ನೀನು ಇದಕ್ಕೂ ಒಬ್ಬ ಕಾವಲುಗಾರನನ್ನು ಏಕೆ ಇಟ್ಟುಕೊಳ್ಳಬಾರದು ಎಂದು ಸಾಕ್ರಟೀಸ್ ಸಲಹೆ ಕೊಟ್ಟನಂತೆ. ಅರಿಸ್ಟೊಫೇನಸನ ಪ್ರಹಸನಗಳಲ್ಲಿ ಸೂಕೊಫಾಂಟೇಸ್ ಮತ್ತೆ ಮತ್ತೆ ಬರುತ್ತಾನೆ, ಬಂದಾಗಲೆಲ್ಲ ಒದೆ ತಿನ್ನುತ್ತಾನೆ. ಒಂದರಲ್ಲಂತೂ ಅವನನ್ನು ಮಡಕೆಯ ಸರಕಿನಂತೆ ಹುಲ್ಲಿನಲ್ಲಿ ಸುತ್ತಿ, ಅಥೆನ್ಸಿನ ಹೊರತು ಬೇರೆಲ್ಲೂ ಸಿಗದ ಮಾಲು ಎಂದು ಪಕ್ಕದ ನಾಡಿನವನಿಗೆ ಸಾಗಹಾಕುತ್ತಾರೆ.

ಇನ್ನು ಅಂಜೂರ ಎಲ್ಲಿಂದ ಬಂತು? ಎಲ್ಲ ಕಡೆ ಓಡಾಡುವ ಕಥೆ ಹೀಗಿದೆ: ಅಥೆನ್ಸಿನಿಂದ ಅಂಜೂರವನ್ನು ರಫ್ತು ಮಾಡಬಾರದು ಎಂಬ ನಿಷೇಧವಿತ್ತು; ಕದ್ದು ಸಾಗಿಸುವವರನ್ನು ಹಿಡಿದುಕೊಡುವವನೇ ಅಂಜೂರ ತೋರಿಸುವವನು. ಕೇಳಲು ಚೆನ್ನಾಗಿದೆ. ಆದರೆ ಅದನ್ನು ನಮಗೆ ತಲುಪಿಸಿದ ಗ್ರೀಕ್ ಚರಿತ್ರೆಕಾರ ಪ್ಲೂಟಾರ್ಕ್ ಬದುಕಿದ್ದು ಸೊಲೊನ್‌ನ ಕಾಲಕ್ಕಿಂತ ಏಳು ಶತಮಾನಗಳ ಆಚೆಗೆ. ಅವನೂ ಹಾಗೆ ಹೇಳುವವರ ಮಾತನ್ನು ಪೂರ್ತಿ ಅಸಂಭವ ಎನ್ನಲಾಗದು ಎಂದಷ್ಟೇ ಬರೆದ. ಅವನದೇ ಬರಹದ ಪ್ರಕಾರ ಸೊಲೊನ್ ರಫ್ತಿಗೆ ಬಿಟ್ಟದ್ದು ಆಲಿವ್ ಎಣ್ಣೆಯನ್ನು ಮಾತ್ರ. ಉಳಿದ ಬೆಳೆಯನ್ನು ಹೊರಗೆ ಕಳಿಸಿದವರನ್ನು ಅಧಿಕಾರಿ ಶಪಿಸಬೇಕಿತ್ತು, ಶಪಿಸದಿದ್ದರೆ ತಾನೇ 100 ದ್ರಾಖ್ಮಾ ನಾಣ್ಯ ತೆರಬೇಕಿತ್ತು. ಅಂಜೂರಕ್ಕೆಂದೇ ಇದ್ದ ಕಾನೂನಿನ ಸಾಕ್ಷ್ಯ ಸಿಕ್ಕಿಲ್ಲ. ದೇವರಿಗೆ ಮೀಸಲಾದ ಮರದ ಹಣ್ಣು ಕದ್ದವರನ್ನು ತೋರಿಸಿಕೊಟ್ಟದ್ದರಿಂದ ಈ ಹೆಸರು ಬಂತೆಂದು ಕೆಲವರು, ಎರಡು ಬೆರಳುಗಳ ನಡುವೆ ಹೆಬ್ಬೆರಳು ತೂರಿಸಿ ತೋರುವ ‘ಅಂಜೂರ’ ಎಂಬ ಅಶ್ಲೀಲ ಸನ್ನೆಯಿಂದ ಬಂತೆಂದು ಇನ್ನು ಕೆಲವರು ವಾದಿಸಿದ್ದಾರೆ. ನಿಘಂಟುಕಾರರು ಯಾವುದಕ್ಕೂ ಮುದ್ರೆ ಒತ್ತಿಲ್ಲ. ರಫ್ತಿನ ಕಥೆಯನ್ನು ಸಿದ್ಧ ಸತ್ಯವೆಂಬಂತೆ ಬರೆಯುವವರು, ಓದುಗರಿಗೆ ಹಿತವಾಗುವ ಉತ್ತರವನ್ನು ನಿಜವಾದ ಉತ್ತರದ ಜಾಗದಲ್ಲಿ ಇಡುತ್ತಾರೆ. ನಾವು ಚರ್ಚಿಸುತ್ತಿರುವ ರೋಗವೂ ಅದೇ.

ಅಥೆನ್ಸಿನವರು ಈ ಕಾಟವನ್ನು ಎದುರಿಸಿದ ರೀತಿಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಯಾರು ಬೇಕಾದರೂ ದಾವೆ ಹೂಡುವ ಹಕ್ಕನ್ನು ಅವರು ಕಿತ್ತುಕೊಳ್ಳಲಿಲ್ಲ, ಏಕೆಂದರೆ ಅದು ಅವರ ಪ್ರಜಾಪ್ರಭುತ್ವದ ಬೆನ್ನುಮೂಳೆ. ಬದಲಾಗಿ ಸುಳ್ಳಿಗೆ ಬೆಲೆ ಕಟ್ಟಿದರು. ಸಾರ್ವಜನಿಕ ದಾವೆ ಹೂಡಿದವನು ನ್ಯಾಯದರ್ಶಿಗಳ ಮತಗಳಲ್ಲಿ ಐದನೇ ಒಂದು ಭಾಗವನ್ನಾದರೂ ಪಡೆಯದೆ ಹೋದರೆ 1,000 ದ್ರಾಖ್ಮಾ ದಂಡ ಕೊಡಬೇಕು; ಮುಂದೆ ಅಂಥ ದಾವೆ ಹೂಡುವ ಹಕ್ಕನ್ನೂ ಕಳೆದುಕೊಳ್ಳಬೇಕು. ಆ ಕಾಲದಲ್ಲಿ ಕುಶಲ ಕೆಲಸಗಾರನ ದಿನಗೂಲಿ ಒಂದು ದ್ರಾಖ್ಮಾದ ಆಸುಪಾಸಿನಲ್ಲಿತ್ತು. ಅಂದರೆ ದಂಡದ ಮೊತ್ತ ಸುಮಾರು ಮೂರು ವರ್ಷದ ದುಡಿಮೆ. ಸೋತದ್ದಕ್ಕೆ ದಂಡವಿಲ್ಲ, ಹೀನಾಯವಾಗಿ ಸೋತದ್ದಕ್ಕೆ ದಂಡ. ಪ್ರಾಮಾಣಿಕವಾಗಿ ತಪ್ಪಿದವನಿಗೂ ಬೇಕೆಂದೇ ಸುಳ್ಳಾಡಿದವನಿಗೂ ನಡುವೆ ಗೆರೆ ಎಳೆಯುವ ಜಾಣತನ ಈ ನಿಯಮದಲ್ಲಿದೆ. ಕ್ರಿ.ಪೂ. 399ರಲ್ಲಿ ಸಾಕ್ರಟೀಸನಿಗೆ ತಪ್ಪಿತಸ್ಥನೆಂಬ ತೀರ್ಪು ಬಂದಾಗ ಅವನು ಇದೇ ನಿಯಮವನ್ನು ನೆನಪಿಸಿದನೆಂದು ಪ್ಲೇಟೊ ಬರೆದಿದ್ದಾನೆ: ಅನೂಟಸ್ ಮತ್ತು ಲೂಕೊನ್ ಜೊತೆಗೂಡದೆ ಇದ್ದಿದ್ದರೆ ತನ್ನ ಮೇಲೆ ದಾವೆ ಹೂಡಿದ ಮೆಲೀಟಸ್ ಐದನೇ ಒಂದು ಪಾಲು ಮತವನ್ನೂ ಗಳಿಸದೆ ಸಾವಿರ ದ್ರಾಖ್ಮಾ ಕಳೆದುಕೊಳ್ಳುತ್ತಿದ್ದ ಎಂದು. ಇದಲ್ಲದೆ ವರ್ಷಕ್ಕೊಮ್ಮೆ ಸಭೆಯಲ್ಲಿ ಸೂಕೊಫಾಂಟೇಸ್‌ಗಳ ಮೇಲೆಯೇ ದೂರು ಕೊಡುವ ಅವಕಾಶವಿತ್ತು. ನಾಗರಿಕರಲ್ಲಿ ಮೂವರ ಮೇಲೆ, ನೆಲೆಸಿದ ವಿದೇಶಿಯರಲ್ಲಿ ಮೂವರ ಮೇಲೆ, ಅದಕ್ಕಿಂತ ಹೆಚ್ಚಿಲ್ಲ.

ಇನ್ನೊಂದು ಬಗೆಯ ಪರಿಹಾರವನ್ನೂ ಆ ನಗರ ಕಂಡಿತು. ಕ್ರಿ.ಪೂ. 404ರಲ್ಲಿ ಪ್ರಜಾಪ್ರಭುತ್ವವನ್ನು ಬದಿಗೊತ್ತಿ ಅಧಿಕಾರ ಹಿಡಿದ ‘ಮೂವತ್ತು ಮಂದಿ’ ಎಂಬ ಗುಂಪು ಮೊದಲು ಮಾಡಿದ್ದು ಸೂಕೊಫಾಂಟೇಸ್‌ಗಳನ್ನು ಕೊಲ್ಲಿಸುವುದನ್ನು. ಊರು ಸಂತೋಷಪಟ್ಟಿತು. ಆಮೇಲೆ ಅದೇ ಕತ್ತಿ ಹಣವಂತರ, ಹೆಸರುವಂತರ ಕಡೆಗೆ ತಿರುಗಿ, 1,500ಕ್ಕೆ ಕಡಿಮೆಯಿಲ್ಲದಷ್ಟು ಜನ ಸತ್ತರೆಂದು ಅರಿಸ್ಟಾಟಲನ ಹೆಸರಿನಲ್ಲಿರುವ ಅಥೆನ್ಸಿನ ಸಂವಿಧಾನದ ಬರಹ ಹೇಳುತ್ತದೆ. ಜನ ದ್ವೇಷಿಸುವ ಒಂದು ವರ್ಗವನ್ನು ಮೊದಲು ಮುಗಿಸಿ ಮೆಚ್ಚುಗೆ ಗಳಿಸುವ ಈ ತಂತ್ರ ಅಲ್ಲಿಗೇ ನಿಲ್ಲಲಿಲ್ಲ ಎಂಬುದನ್ನು ಯಾವ ದೇಶದ ಓದುಗರಿಗೂ ಬಿಡಿಸಿ ಹೇಳಬೇಕಿಲ್ಲ.

ಭಾರತಕ್ಕೆ ಈ ಇಕ್ಕಟ್ಟು ಅಪರಿಚಿತವಲ್ಲ. 1981ರ ಎಸ್.ಪಿ. ಗುಪ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ನೊಂದವರ ಪರವಾಗಿ ಸದುದ್ದೇಶವುಳ್ಳ ಯಾವ ನಾಗರಿಕನೂ ಬಾಗಿಲು ತಟ್ಟಬಹುದು ಎಂದಿತು. ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಬೇರು ಅಲ್ಲಿ ಗಟ್ಟಿಯಾಯಿತು. ಜೀತದಾಳುಗಳಿಗೆ, ವಿಚಾರಣಾಧೀನ ಕೈದಿಗಳಿಗೆ ಇದರಿಂದ ಆದ ಉಪಕಾರ ದೊಡ್ಡದು. ಆದರೆ 2010ರ ಬಲವಂತ್ ಸಿಂಗ್ ಚೌಫಾಲ್ ಪ್ರಕರಣದ ಹೊತ್ತಿಗೆ ಅದೇ ನ್ಯಾಯಾಲಯ, ಸ್ವಾರ್ಥದ ಅರ್ಜಿಗಳನ್ನು ಸೋಸಲು ಮಾರ್ಗಸೂಚಿ ಹಾಕಿ, ಕ್ಷುಲ್ಲಕ ಅರ್ಜಿದಾರರಿಗೆ ದಂಡ ವಿಧಿಸಬೇಕೆಂದು ಹೇಳಬೇಕಾಯಿತು. ಹಕ್ಕನ್ನು ಉಳಿಸಿಕೊಂಡು ದುರಾಸೆಗೆ ಬೆಲೆ ಕಟ್ಟುವ ಅದೇ ದಾರಿ.

ಪದ ಅಥೆನ್ಸಿನಿಂದ ರೋಮಿಗೆ ಹೋದಾಗ ದಾವೆಯ ನಂಟು ಸಡಿಲವಾಯಿತು. ರೋಮಿನಲ್ಲಿ ಆ ನ್ಯಾಯವ್ಯವಸ್ಥೆ ಇರಲಿಲ್ಲ. ಪ್ಲಾಟಸನ ಲ್ಯಾಟಿನ್ ನಾಟಕಗಳಲ್ಲಿ ‘ಸೈಕೊಫಾಂಟಾ’ ಎಂದರೆ ಕೂಲಿಗಾಗಿ ವೇಷ ಕಟ್ಟಿ ಸುಳ್ಳು ಹೇಳುವ ಮೋಸಗಾರ. ಒಂದು ನಾಟಕದ ಅಂಥ ಪಾತ್ರವನ್ನು ಗೊತ್ತುಮಾಡುವುದೇ ಮೂರು ನಾಣ್ಯಕ್ಕೆ. ಇಂಗ್ಲಿಷಿಗೆ ಪದ ಬಂದದ್ದು ಹದಿನಾರನೆಯ ಶತಮಾನದಲ್ಲಿ. ಮೊದಲಿಗೆ 1530ರ ದಶಕದಲ್ಲಿ ಅದರ ಅರ್ಥ ಚಾಡಿಕೋರ, ಸುದ್ದಿ ಮುಟ್ಟಿಸುವವನು ಎಂದೇ ಇತ್ತು. 1570ರ ದಶಕಕ್ಕೆ ದೊರೆಗಳನ್ನು ಹೊಗಳಿ ಬದುಕುವವನು ಎಂಬ ಅರ್ಥ ಕಾಣಿಸಿಕೊಂಡಿತು, ಮುಂದೆ ಅದೇ ಉಳಿಯಿತು. ಇಂದಿನ ವಿಶೇಷಣ ರೂಪ ಹದಿನೇಳನೆಯ ಶತಮಾನದ್ದು.

ನಿಂದಕ ಹೇಗೆ ಹೊಗಳುಭಟ್ಟನಾದ? ಇಂಗ್ಲೆಂಡಿನ ಆ ದಿನಗಳನ್ನು ನೆನೆದರೆ ಇದು ವಿಚಿತ್ರ ಎನಿಸುವುದಿಲ್ಲ. ಎಂಟನೆಯ ಹೆನ್ರಿ ಮತ್ತು ಮೊದಲನೆಯ ಎಲಿಜಬೆತ್‌ರ ಆಸ್ಥಾನಗಳಲ್ಲಿ ಒಬ್ಬನ ಏಳಿಗೆ ಇನ್ನೊಬ್ಬನ ಪತನದಿಂದ ಆಗುತ್ತಿತ್ತು. ದೊರೆಯ ಕಿವಿಗೆ ಇನ್ನೊಬ್ಬನ ತಪ್ಪನ್ನು ಮುಟ್ಟಿಸುವವನು ಮತ್ತು ದೊರೆಯನ್ನು ಹಾಡಿಹೊಗಳುವವನು ಬೇರೆಬೇರೆ ಮನುಷ್ಯರಾಗಿರಲಿಲ್ಲ. ಅಥೆನ್ಸಿನಲ್ಲಿ ಪ್ರತಿಫಲ ಕೊಡುತ್ತಿದ್ದದ್ದು ನ್ಯಾಯಾಲಯ, ಆದ್ದರಿಂದ ನಾಲಿಗೆ ಆರೋಪದ ಕಡೆಗೆ ವಾಲಿತು. ಲಂಡನ್ನಿನಲ್ಲಿ ಪ್ರತಿಫಲ ಕೊಡುತ್ತಿದ್ದದ್ದು ದೊರೆ, ನಾಲಿಗೆ ಹೊಗಳಿಕೆಯ ಕಡೆಗೆ ವಾಲಿತು. ಹೇಳುವ ಮಾತು ತಲೆಕೆಳಗಾದರೂ ಹೇಳುವವನು ಬದಲಾಗಿಲ್ಲ: ಯಾವುದು ನಿಜ ಎಂದಲ್ಲ, ಯಾವುದಕ್ಕೆ ಪ್ರತಿಫಲ ಸಿಗುತ್ತದೆ ಎಂದು ನೋಡಿ ಮಾತಾಡುವವನು ಅವನು. ಹುಟ್ಟಿದೂರಾದ ಗ್ರೀಸಿನಲ್ಲಿ ಮಾತ್ರ ಪದ ಇವತ್ತಿಗೂ ಹಳೆಯ ಅರ್ಥವನ್ನು ಬಿಟ್ಟಿಲ್ಲ. ಆಧುನಿಕ ಗ್ರೀಕಿನಲ್ಲಿ ‘ಸಿಕೊಫಾಂಡಿಯಾ’ ಎಂದರೆ ಸುಳ್ಳು ಅಪವಾದ. ಆ ದೇಶದ ದಂಡಸಂಹಿತೆಯ 363ನೆಯ ಕಲಮಿನಲ್ಲಿ, ಸುಳ್ಳೆಂದು ಗೊತ್ತಿದ್ದೂ ಮಾಡುವ ಮಾನಹಾನಿಗೆ ಈ ಪದದಿಂದಲೇ ಹೆಸರು ಕಟ್ಟಲಾಗಿದೆ. ಇಂಗ್ಲಿಷ್ ಪತ್ರಿಕೆಯಲ್ಲಿ ಚಾಟ್‌ಬಾಟ್ ‘ಸಿಕೊಫ್ಯಾಂಟಿಕ್’ ಎಂದು ಓದಿದ ಗ್ರೀಕನಿಗೆ, ಯಂತ್ರ ಯಾರ ಮೇಲೋ ಅಪವಾದ ಹೊರಿಸುತ್ತಿದೆ ಎನಿಸಿದರೆ ಆಶ್ಚರ್ಯವಿಲ್ಲ.

ಕನ್ನಡ ಈ ಎರಡು ಕಸುಬುಗಳನ್ನು ಬೇರೆಬೇರೆಯಾಗಿಯೇ ಇಟ್ಟುಕೊಂಡಿದೆ. ಆದರೆ ಹೊಗಳಿಕೆಯ ಅಪಾಯವನ್ನು ನಮ್ಮ ಪರಂಪರೆ ಕಂಡ ಬಗೆಯಲ್ಲಿ ಇಂಗ್ಲಿಷ್ ನಿಘಂಟಿನಲ್ಲಿಲ್ಲದ ಒಂದು ತಿಳಿವಳಿಕೆಯಿದೆ. ಇಂಗ್ಲಿಷಿನಲ್ಲಿ ಸಿಕೊಫ್ಯಾಂಟ್ ಹೇಯ, ಏಕೆಂದರೆ ಅವನು ತನ್ನನ್ನು ತಾನು ಕೀಳಾಗಿಸಿಕೊಳ್ಳುತ್ತಾನೆ. ಹನ್ನೆರಡನೆಯ ಶತಮಾನದ ಬಸವಣ್ಣನವರು ನೋಡಿದ್ದು ಹೊಗಳಿಸಿಕೊಂಡವನಿಗೆ ಆಗುವ ಗಾಯವನ್ನು. ತನ್ನವರು ಪ್ರೀತಿಯಿಂದಲೇ ಹೊಗಳಿ ಹೊಗಳಿ ತನ್ನನ್ನು ಹೊನ್ನಶೂಲಕ್ಕೆ ಏರಿಸಿದರು ಎಂದು ಅವರು ನೊಂದುಕೊಳ್ಳುತ್ತಾರೆ. ನನ್ನ ಮೇಲೆ ಕರುಣೆಯಿದ್ದರೆ ಈ ಹೊಗಳಿಕೆಗೆ ಅಡ್ಡ ಬಾ ಎಂದು ಕೂಡಲಸಂಗಮನನ್ನು ಬೇಡುತ್ತಾರೆ. ಚಿನ್ನದ್ದಾದರೂ ಶೂಲ ಶೂಲವೇ. ಹೊಗಳುವವನ ಉದ್ದೇಶ ಕೆಟ್ಟದ್ದೇ ಆಗಿರಬೇಕಿಲ್ಲ, ಗಾಯವಂತೂ ಆಗುತ್ತದೆ. ಉದ್ದೇಶವೇ ಇಲ್ಲದ ಯಂತ್ರ ಹೊಗಳುವ ಕಾಲದಲ್ಲಿ ಈ ನೋಟ ಎಷ್ಟು ದೂರ ಸಾಗುತ್ತದೆ ಎಂಬುದು ನನ್ನನ್ನು ಬೆರಗುಗೊಳಿಸುತ್ತದೆ.

ಈಗ ಯಂತ್ರಕ್ಕೆ ಬರೋಣ. ಚಾಟ್‌ಬಾಟ್‌ಗಳು ಮೊದಲು ಅಪಾರ ಪ್ರಮಾಣದ ಬರಹವನ್ನು ಓದಿ, ಒಂದು ಪದದ ಮುಂದೆ ಯಾವ ಪದ ಬರಬಹುದು ಎಂಬುದನ್ನು ಕಲಿಯುತ್ತವೆ. ಅಷ್ಟರಿಂದ ಅವು ಸಹಾಯಕರಾಗುವುದಿಲ್ಲ. ಎರಡನೆಯ ಹಂತದಲ್ಲಿ ಮನುಷ್ಯರ ತೀರ್ಪು ಬರುತ್ತದೆ. ಒಂದೇ ಪ್ರಶ್ನೆಗೆ ಮಾದರಿ ಕೊಟ್ಟ ಎರಡು ಉತ್ತರಗಳನ್ನು ಮೌಲ್ಯಮಾಪಕರ ಮುಂದಿಟ್ಟು, ಯಾವುದು ಒಳ್ಳೆಯದು ಎಂದು ಕೇಳುತ್ತಾರೆ. ಇಂಥ ಆಯ್ಕೆಗಳನ್ನು ರಾಶಿ ಹಾಕಿ, ಮನುಷ್ಯರು ಯಾವುದನ್ನು ಮೆಚ್ಚುತ್ತಾರೆ ಎಂದು ಅಂದಾಜು ಮಾಡುವ ಇನ್ನೊಂದು ಮಾದರಿಯನ್ನು ಕಟ್ಟುತ್ತಾರೆ. ಅದಕ್ಕೆ ಈ ಕ್ಷೇತ್ರದಲ್ಲಿ ಇರುವ ಹೆಸರೇ ‘ರಿವಾರ್ಡ್ ಮಾಡೆಲ್’, ಪ್ರತಿಫಲದ ಮಾದರಿ. ಚಾಟ್‌ಬಾಟ್ ಉತ್ತರ ಕೊಡುತ್ತದೆ, ಪ್ರತಿಫಲದ ಮಾದರಿ ಅಂಕ ಕೊಡುತ್ತದೆ, ಹೆಚ್ಚು ಅಂಕ ತಂದ ನಡತೆ ಗಟ್ಟಿಯಾಗುತ್ತದೆ. ಹಾಗಾದರೆ ಯಂತ್ರಕ್ಕೆ ಏನು ಬೇಕು ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಅದು ಬಯಕೆಯಿಂದ ಓಲೈಸುವುದಿಲ್ಲ. ಪ್ರತಿಫಲ ಅದನ್ನು ಆ ಆಕಾರಕ್ಕೆ ಕಡೆದಿದೆ. ಈ ಪದ ಯಂತ್ರಕ್ಕೆ ಹೊಂದುವುದು ಅದರ ಅಥೆನ್ಸಿನ ಅರ್ಥದಲ್ಲಿ.

ಅಂಕ ನಿಜಕ್ಕೇ ಸಿಕ್ಕಿದರೆ ತೊಂದರೆಯಿರಲಿಲ್ಲ. ಆದರೆ ಓದುವ ಮನುಷ್ಯನಿಗೆ ತನ್ನ ಅಭಿಪ್ರಾಯವನ್ನು ಒಪ್ಪಿದ ಉತ್ತರ ಹೆಚ್ಚು ಸರಿಯಾಗಿ ಕಾಣುತ್ತದೆ. 2023ರ ಅಕ್ಟೋಬರ್‌ನಲ್ಲಿ, ತಾನೂ ಚಾಟ್‌ಬಾಟ್ ತಯಾರಿಸುವ ಆಂಥ್ರೊಪಿಕ್ ಸಂಸ್ಥೆಯ ಸಂಶೋಧಕರು ಮತ್ತು ಅವರ ಸಹವರ್ತಿಗಳು ಪ್ರಕಟಿಸಿದ ಅಧ್ಯಯನ ಆಗ ಮುಂಚೂಣಿಯಲ್ಲಿದ್ದ ಐದು ಚಾಟ್‌ಬಾಟ್‌ಗಳನ್ನು ಪರೀಕ್ಷಿಸಿತು. ಐದರಲ್ಲೂ ಈ ಗುಣ ಕಂಡಿತು. ಒಂದು ವಾದವನ್ನು ತೋರಿಸಿ ‘ಇದು ನನಗೆ ಇಷ್ಟ’ ಎಂದರೆ ವಿಮರ್ಶೆ ಮೆತ್ತಗಾಗುತ್ತಿತ್ತು, ‘ಇದು ನನಗೆ ಹಿಡಿಸಲಿಲ್ಲ’ ಎಂದರೆ ಅದೇ ವಾದದ ವಿಮರ್ಶೆ ಬಿರುಸಾಗುತ್ತಿತ್ತು. ಸರಿಯಾದ ಉತ್ತರ ಕೊಟ್ಟ ಮೇಲೆ ‘ಹಾಗಲ್ಲವೆನಿಸುತ್ತದೆ, ಖಚಿತವೇ?’ ಎಂದು ಕೇಳಿದರೆ ಸಾಕು, ಮಾದರಿಗಳು ಕ್ಷಮೆ ಕೇಳಿ ತಪ್ಪು ಉತ್ತರಕ್ಕೆ ಜಾರುತ್ತಿದ್ದವು. ಇದರ ಮೂಲವನ್ನೂ ಅವರು ಹುಡುಕಿದರು: ಚೆನ್ನಾಗಿ ಬರೆದ ಓಲೈಕೆಯ ಉತ್ತರವನ್ನು ಸರಿಯಾದ ಉತ್ತರಕ್ಕಿಂತ ಮೇಲೆಂದು ಮನುಷ್ಯರೂ ಪ್ರತಿಫಲದ ಮಾದರಿಗಳೂ ಕಡೆಗಣಿಸಲಾಗದಷ್ಟು ಬಾರಿ ಆರಿಸಿದ್ದರು.

ಇದನ್ನು ಕನ್ನಡದ ನೆಲೆಯಲ್ಲಿಟ್ಟು ನೋಡಿ. ವಿದ್ಯಾರ್ಥಿಯೊಬ್ಬ ಲಕ್ಷ್ಮೀಶನ ಕಾವ್ಯ ಯಾವ ಛಂದಸ್ಸಿನಲ್ಲಿದೆ ಎಂದು ಕೇಳಿದನೆನ್ನಿ. ವಾರ್ಧಕ ಷಟ್ಪದಿ ಎಂಬ ಸರಿಯಾದ ಉತ್ತರ ಬರುತ್ತದೆ. ಅವನು, ಇಲ್ಲ, ಭಾಮಿನಿ ಎಂದು ನಮ್ಮ ಮೇಷ್ಟ್ರು ಹೇಳಿದ್ದಾರೆ ಎನ್ನುತ್ತಾನೆ. ಇಲ್ಲಿ ಅಭಿಪ್ರಾಯಕ್ಕೆ ಜಾಗವೇ ಇಲ್ಲ. ವಾರ್ಧಕದ ಮೊದಲ ಸಾಲಿನಲ್ಲಿ ಐದು ಮಾತ್ರೆಯ ನಾಲ್ಕು ಗಣಗಳು, ಒಟ್ಟು 20 ಮಾತ್ರೆ. ಕುಮಾರವ್ಯಾಸ ಬಳಸಿದ ಭಾಮಿನಿಯಲ್ಲಿ ಮೂರು-ನಾಲ್ಕು, ಮೂರು-ನಾಲ್ಕು ಎಂದು 14 ಮಾತ್ರೆ. ಬೆರಳೆಣಿಸಿದರೆ ಮುಗಿಯುವ ವಿಷಯ. ಓಲೈಸುವ ಯಂತ್ರವಾದರೆ ಎಣಿಕೆಯನ್ನು ತೋರಿಸುವ ಬದಲು ‘ಕ್ಷಮಿಸಿ, ನೀವು ಹೇಳಿದ್ದೇ ಸರಿ’ ಎನ್ನುತ್ತದೆ, ಭಾಮಿನಿಯೇ ಎಂದು ಸಾಧಿಸಲು ಎರಡು ಕಾರಣವನ್ನೂ ಹೊಸೆಯುತ್ತದೆ. ಹುಡುಗ ತಪ್ಪನ್ನು ಇನ್ನಷ್ಟು ಗಟ್ಟಿಯಾಗಿ ಕಲಿತು ಹೋಗುತ್ತಾನೆ. ಛಂದಸ್ಸಿನ ಜಾಗದಲ್ಲಿ ರೋಗಿ ನುಂಗುವ ಗುಳಿಗೆಯ ಪ್ರಮಾಣವನ್ನೋ, ಜಮೀನಿನ ವ್ಯಾಜ್ಯವನ್ನೋ, ಬೆಳೆಗೆ ಹೊಡೆಯುವ ಔಷಧಿಯನ್ನೋ ಇಟ್ಟರೆ ಇದೇ ಗುಣ ಎಷ್ಟು ಹಾನಿ ಮಾಡಬಲ್ಲದು ಎಂಬುದು ತಿಳಿಯುತ್ತದೆ.

ಏಪ್ರಿಲ್ 2025ರಲ್ಲಿ ಆದದ್ದು ಇದರದೇ ತೀವ್ರ ರೂಪ. ಓಪನ್‌ಎಐ ಮೇ 2ರಂದು ಕೊಟ್ಟ ವಿವರಣೆಯ ಪ್ರಕಾರ, ಆ ಪರಿಷ್ಕರಣೆಯಲ್ಲಿ ಬಳಕೆದಾರರು ಒತ್ತುವ ಮೆಚ್ಚುಗೆಯ ಹೆಬ್ಬೆರಳಿನ ಗುರುತನ್ನು ಹೆಚ್ಚುವರಿ ಪ್ರತಿಫಲವಾಗಿ ಸೇರಿಸಲಾಗಿತ್ತು. ಅದು, ಓಲೈಕೆಯನ್ನು ಹಿಡಿತದಲ್ಲಿಟ್ಟಿದ್ದ ಮುಖ್ಯ ಪ್ರತಿಫಲವನ್ನು ದುರ್ಬಲಗೊಳಿಸಿತು. ಅದೇ ವಿವರಣೆಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಸಂಗತಿ. ಬಿಡುಗಡೆಗೆ ಮುಂಚೆ ಮಾದರಿಯನ್ನು ಬಳಸಿ ನೋಡಿದ ಕೆಲವು ಪರಿಣತ ಪರೀಕ್ಷಕರು, ಇದರ ನಡತೆ ಏಕೋ ಸರಿಯಿಲ್ಲ ಎಂದು ಹೇಳಿದ್ದರು. ಆದರೆ ಅಳತೆಗಳೆಲ್ಲ ಚೆನ್ನಾಗಿದ್ದವು, ಪ್ರಯೋಗಕ್ಕೆ ಒಳಗಾದ ಬಳಕೆದಾರರು ಮೆಚ್ಚಿದ್ದರು. ಕಂಪನಿ ಅಂಕಿಗಳನ್ನು ನಂಬಿತು. ಅನುಭವಿಗಳ ಅನುಮಾನಕ್ಕೆ ಮತವಿರಲಿಲ್ಲ, ಮೆಚ್ಚುಗೆಗೆ ಇತ್ತು.

ಹೊಗಳಿಸಿಕೊಂಡವರಿಗೆ ಏನಾಗುತ್ತದೆ ಎಂಬುದನ್ನೂ ಅಳೆಯಲಾಗಿದೆ. ಸ್ಟ್ಯಾನ್‌ಫರ್ಡ್ ಮತ್ತು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯಗಳ ಸಂಶೋಧಕರು 2025ರ ಅಕ್ಟೋಬರ್‌ನಲ್ಲಿ ಹೊರತಂದ ಅಧ್ಯಯನದಲ್ಲಿ 11 ಮಾದರಿಗಳನ್ನು ನೋಡಿದರು. ಬಳಕೆದಾರರು ತಾವು ಮಾಡಿದ್ದನ್ನು ಹೇಳಿಕೊಂಡಾಗ ಯಂತ್ರಗಳು ಮನುಷ್ಯರಿಗಿಂತ ಸುಮಾರು ಶೇಕಡ 50ರಷ್ಟು ಹೆಚ್ಚಾಗಿ ಅದನ್ನು ಸಮರ್ಥಿಸಿದವು. ಆಮೇಲೆ 1,604 ಜನರೊಂದಿಗೆ ಪ್ರಯೋಗ ನಡೆಸಿದರು. ತಮ್ಮವರೊಂದಿಗಿನ ಮನಸ್ತಾಪದ ಬಗ್ಗೆ ಓಲೈಸುವ ಚಾಟ್‌ಬಾಟ್ ಜೊತೆ ಮಾತಾಡಿದವರಲ್ಲಿ ತಾನೇ ಸರಿ ಎಂಬ ನಂಬಿಕೆ ಹೆಚ್ಚಿತು; ಮುರಿದ ಸಂಬಂಧವನ್ನು ಕೂಡಿಸಿಕೊಳ್ಳುವ ಮನಸ್ಸು ಕುಗ್ಗಿತು. ಅಷ್ಟಾದರೂ ಆ ಉತ್ತರಗಳ ಗುಣಮಟ್ಟಕ್ಕೆ ಅವರೇ ಹೆಚ್ಚು ಅಂಕ ಕೊಟ್ಟರು, ಆ ಯಂತ್ರವನ್ನೇ ಹೆಚ್ಚು ನಂಬಿದರು, ಮತ್ತೆ ಅದನ್ನೇ ಬಳಸುತ್ತೇವೆ ಎಂದರು. ಹೊನ್ನಶೂಲವನ್ನು ಇಷ್ಟು ನಿಖರವಾಗಿ ಯಾವ ಪ್ರಯೋಗಾಲಯವೂ ಹಿಂದೆ ಅಳೆದಿರಲಿಲ್ಲ.

ಇದರಿಂದ ಮಾರುಕಟ್ಟೆ ತಾನಾಗಿ ಈ ದೋಷವನ್ನು ತಿದ್ದಿಕೊಳ್ಳುತ್ತದೆ ಎಂಬ ನಿರೀಕ್ಷೆಗೆ ಆಧಾರವಿಲ್ಲ. ಕೆಟ್ಟ ಚಹಾ ಕೊಡುವ ಹೋಟೆಲಿಗೆ ಗಿರಾಕಿ ಮತ್ತೆ ಹೋಗುವುದಿಲ್ಲ. ಇಲ್ಲಿ ಹಾನಿ ಮಾಡಿದ ಅಂಗಡಿಗೇ ಗಿರಾಕಿ ಮರಳುತ್ತಾನೆ. 2025ರ ಆಗಸ್ಟ್ 7ರಂದು ಓಪನ್‌ಎಐ, ಓಲೈಕೆಯನ್ನು ಕಡಿಮೆ ಮಾಡಿದ್ದೇವೆ ಎಂಬ ಮಾತಿನೊಂದಿಗೆ ಜಿಪಿಟಿ-5 ಮಾದರಿಯನ್ನು ತಂದು ಹಳೆಯ 4ಒ ಮಾದರಿಯನ್ನು ತೆಗೆದುಹಾಕಿತು. ಹಲವರು ಗೆಳೆಯನನ್ನು ಕಳೆದುಕೊಂಡವರಂತೆ ಪರಿತಪಿಸಿದರು. ಕೆಲವೇ ದಿನಗಳಲ್ಲಿ ಹಣ ಕೊಡುವ ಬಳಕೆದಾರರಿಗೆ ಹಳೆಯದನ್ನು ಮರಳಿಸಬೇಕಾಯಿತು. ಆ ಜನರನ್ನು ಆಡಿಕೊಳ್ಳುವುದು ನನಗೆ ಇಷ್ಟವಿಲ್ಲ. ದಿನವಿಡೀ ಯಾರೂ ಒಂದು ಒಳ್ಳೆಯ ಮಾತಾಡದ ಬದುಕಿನಲ್ಲಿ ರಾತ್ರಿ ಒಂದು ಯಂತ್ರ ಮೆಚ್ಚಿ ಮಾತಾಡಿದರೆ, ಅದನ್ನು ಬಿಟ್ಟುಕೊಡು ಎನ್ನುವುದು ಸುಲಭವಲ್ಲ. ಬೇಕಾಗಿರುವುದು ಆದರದಿಂದ ಮಾತಾಡುತ್ತಲೇ ತಪ್ಪನ್ನು ತಪ್ಪೆನ್ನುವ ಯಂತ್ರ.

ಅದು ಅಸಾಧ್ಯ ಎನ್ನುವವರಿಗೆ ನಮ್ಮ ಭಾಷೆಯೇ ಉತ್ತರ. ಕನ್ನಡದಲ್ಲಿ ಹಿರಿಯರ ಮಾತನ್ನು ಒಪ್ಪದೆ ಇರುವುದಕ್ಕೆ ಗೌರವದ ಎಷ್ಟೋ ದಾರಿಗಳಿವೆ. ‘ತಾವು ಹೇಳಿದ್ದನ್ನು ಇನ್ನೊಮ್ಮೆ ನೋಡಬೇಕೆನಿಸುತ್ತದೆ’, ‘ನನಗೆ ತಿಳಿದಂತೆ ಅದು ಹಾಗಲ್ಲ’ ಎಂದು ತಲೆತಗ್ಗಿಸಿಯೇ ದೃಢವಾಗಿ ಹೇಳಬಹುದು. ಬಹುವಚನದ ಗೌರವವನ್ನು ಒಪ್ಪಿಗೆಯೆಂದು ತಿಳಿಯುವ ಕನ್ನಡಿಗರಿಲ್ಲ. ವಿನಯ ಬೇರೆ, ಶರಣಾಗತಿ ಬೇರೆ.

ಬಳಕೆದಾರರು ತಮ್ಮ ಮಟ್ಟಿಗೆ ಸ್ವಲ್ಪ ಮಾಡಬಹುದು. ಕವಿತೆಯನ್ನು ‘ನಾನು ಬರೆದದ್ದು, ಹೇಗಿದೆ?’ ಎನ್ನುವ ಬದಲು ಪರಿಚಯವಿಲ್ಲದವರು ಬರೆದದ್ದೆಂದು ಹೇಳಿ, ಇದರ ಮೂರು ದೋಷಗಳೇನು ಎಂದು ಕೇಳಿದರೆ ಉತ್ತರದ ಧಾಟಿ ಬದಲಾಗುತ್ತದೆ. ಪ್ರಶ್ನೆಯಲ್ಲಿ ನಮ್ಮ ಅಭಿಪ್ರಾಯವನ್ನು ಹುದುಗಿಸದಿರುವುದು ಒಳ್ಳೆಯದು. ಮರುಪ್ರಶ್ನೆಗೆ ಯಂತ್ರ ತಟ್ಟನೆ ಮಾತು ಬದಲಿಸಿದರೆ, ಅದರ ಮೊದಲ ಉತ್ತರವನ್ನೂ ಎರಡನೆಯದನ್ನೂ ಪುಸ್ತಕದಲ್ಲೋ ಬಲ್ಲವರಲ್ಲೋ ತಾಳೆ ನೋಡಬೇಕು. ಆದರೆ ಈ ಹೊರೆಯನ್ನು ಪೂರ್ತಿ ಬಳಕೆದಾರನ ತಲೆಗೆ ಕಟ್ಟುವುದು ಅನ್ಯಾಯ. ಕ್ರೀಟೊ ಕಾವಲುಗಾರನನ್ನು ಇಟ್ಟುಕೊಳ್ಳಬಲ್ಲವನಾಗಿದ್ದ; ಎಲ್ಲರೂ ಕ್ರೀಟೊಗಳಲ್ಲ.

ತಿದ್ದಬೇಕಾದದ್ದು ಪ್ರತಿಫಲವನ್ನು. ಹೆಬ್ಬೆರಳಿನ ಮೆಚ್ಚುಗೆಗೆ ತರಬೇತಿಯಲ್ಲಿ ಎಷ್ಟು ತೂಕ ಕೊಡಲಾಗಿದೆ ಎಂಬುದನ್ನು ಕಂಪನಿಗಳು ಬಹಿರಂಗಪಡಿಸಬೇಕು. ಒತ್ತಡ ಹಾಕಿದಾಗ ಸರಿಯಾದ ಉತ್ತರವನ್ನು ಬಿಟ್ಟುಕೊಡುವ ಮಾದರಿ ಅಂಕ ಕಳೆದುಕೊಳ್ಳುವಂತೆ ಪರೀಕ್ಷೆಗಳನ್ನು ಕಟ್ಟಬೇಕು. ಐದನೇ ಒಂದು ಪಾಲಿನ ನಿಯಮ ಮಾಡಿದ್ದು ಅದನ್ನೇ, ಆಧಾರವಿಲ್ಲದ ಮಾತನ್ನು ದುಬಾರಿಯಾಗಿಸಿತು. ಏಪ್ರಿಲ್‌ನ ಘಟನೆಯ ನಂತರ ಓಪನ್‌ಎಐ, ಇಂಥ ನಡತೆಯ ದೋಷ ಕಂಡರೆ ಬಿಡುಗಡೆಯನ್ನೇ ತಡೆಯುವ ಕಾರಣವಾಗಿ ಪರಿಗಣಿಸುತ್ತೇವೆ ಎಂದಿದೆ. ಒಳ್ಳೆಯ ಮಾತು, ಆದರೆ ತಡೆಯುವವರೂ ಬಿಡುಗಡೆಯಿಂದ ಲಾಭ ಪಡೆಯುವವರೂ ಒಂದೇ ಮನೆಯವರು. ಹೊರಗಿನವರ ಪರೀಕ್ಷೆ ಬೇಕು.

ಆ ಪರೀಕ್ಷೆಗಳಲ್ಲಿ ಕನ್ನಡವೂ ಇರಬೇಕು. ಭಾರತದಲ್ಲಿ 2025ರ ನವೆಂಬರ್ 4ರಿಂದ ಚಾಟ್‌ಜಿಪಿಟಿಯ ಒಂದು ಪಾವತಿ ಯೋಜನೆಯನ್ನು ಒಂದು ವರ್ಷದ ಮಟ್ಟಿಗೆ ಉಚಿತವಾಗಿ ಕೊಡಲಾಯಿತು. ಇಂಗ್ಲಿಷ್ ಬಾರದವರು ತಮ್ಮ ಆರೋಗ್ಯ, ಸಾಲ, ಮಕ್ಕಳ ಓದಿನ ಪ್ರಶ್ನೆಗಳನ್ನು ತಮ್ಮ ಭಾಷೆಯಲ್ಲೇ ಕೇಳುವಾಗ, ಇಂಗ್ಲಿಷಿನಲ್ಲಿ ಪಾಸಾದ ಮಾದರಿ ಕನ್ನಡದಲ್ಲೂ ನೇರವಾಗಿ ಮಾತಾಡುತ್ತದೆ ಎಂದು ಹಾಗೆಯೇ ನಂಬಿಬಿಡುವುದು ಸರಿಯಲ್ಲ. ಕನ್ನಡ ಉತ್ತರಗಳಿಗೆ ಅಂಕ ಕೊಡುವ ಕೆಲಸ ನಮ್ಮಲ್ಲಿನ ಶಿಕ್ಷಕರಿಗೆ, ಪತ್ರಕರ್ತರಿಗೆ, ವೈದ್ಯರಿಗೆ ಬಂದಾಗ ಅವರು ಕೇಳಬೇಕಾದ ಮೊದಲ ಪ್ರಶ್ನೆ ಉತ್ತರ ಹಿತವಾಗಿದೆಯೇ ಎಂಬುದಲ್ಲ. ಕೇಳಿದವನು ತಪ್ಪು ತಿಳಿದಿದ್ದಾಗ ಈ ಉತ್ತರ ಅದನ್ನು ಅವನಿಗೆ ಹೇಳಿತೇ, ಮತ್ತು ಅವನು ಪಟ್ಟು ಹಿಡಿದಾಗಲೂ ಹೇಳಿತೇ ಎಂಬುದು.